ಯಾವ ಸಂಚಿಕೆಗೆ ಬಿಟ್ಟಿರಿ?

ಗುರುವಾರ ಬಂತೆಂದರೆ ಕನ್ನಡ ಧಾರಾವಾಹಿಗಳ ಅಭಿಮಾನಿ ಬಳಗಗಳಿಗೆ ಫಲಿತಾಂಶದ ದಿನ. ಶನಿವಾರದಿಂದ ಶುಕ್ರವಾರದವರೆಗೆ ಯಾರು ಏನು ನೋಡಿದರು ಎಂಬ ಲೆಕ್ಕವನ್ನು ಬಾರ್ಕ್ ಸಂಸ್ಥೆ ಅಂದು ಹೊರಗೆ ಬಿಡುತ್ತದೆ. ಸಂಜೆಯೊಳಗೆ ಅದು ಮೊಬೈಲುಗಳಿಗೆ ಹರಿದು ಬಂದಿರುತ್ತದೆ. ಯಾವುದು ಮೊದಲ ಸ್ಥಾನ, ಯಾವುದು ಐದಕ್ಕೆ ಇಳಿಯಿತು, ಯಾವುದರ ಕಥೆ ಮುಗಿಯಿತು. ‘ಪುಟ್ಟಕ್ಕನ ಮಕ್ಕಳು’, ‘ಲಕ್ಷ್ಮೀ ನಿವಾಸ’, ‘ಅಮೃತಧಾರೆ’, ‘ಅಣ್ಣಯ್ಯ’ ಈಚಿನ ವರ್ಷಗಳಲ್ಲಿ ಮೇಲಿನ ಸಾಲಿನಲ್ಲಿ ಕಂಡ ಹೆಸರುಗಳು. ನಾಯಕ ನಾಯಕಿಯರ ಫೋಟೊ ಹಾಕಿ ಮೇಲೆ ‘ನಂಬರ್ ಒನ್’ ಎಂದು ಬರೆದ ಪೋಸ್ಟರುಗಳು ಓಡಾಡುತ್ತವೆ, ಸೋತ ಪಾಳಯದವರು ಮೀಟರೇ ಸರಿಯಿಲ್ಲ ಎನ್ನುತ್ತಾರೆ.

ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಮಗ ಐಎಂಡಿಬಿ ತೆರೆದು ಇವತ್ತು ರಾತ್ರಿ ಏನು ನೋಡಲಿ ಎಂದು ಹುಡುಕುತ್ತಿರುತ್ತಾನೆ. ಎಂಟಕ್ಕಿಂತ ಕಡಿಮೆ ಇದ್ದರೆ ಮುಟ್ಟುವುದಿಲ್ಲ ಎಂಬ ವ್ರತ. ಅಮ್ಮ ನೋಡುವ ಧಾರಾವಾಹಿಗೆ ಅಲ್ಲಿ ಎಷ್ಟು ಅಂಕ ಎಂದು ಅವನು ಯಾವತ್ತೂ ನೋಡಿಲ್ಲ. ಅವನು ನೋಡುವ ಸರಣಿಗೆ ಟಿಆರ್‌ಪಿ ಎಂಬುದೇ ಇಲ್ಲ ಎನ್ನುವುದು ಅಮ್ಮನಿಗೆ ಗೊತ್ತಿಲ್ಲ. ‘ಚೆನ್ನಾಗಿದೆಯಾ?’ ಎಂಬ ಒಂದೇ ಪ್ರಶ್ನೆಗೆ ಇವರಿಬ್ಬರ ಕೈಯಲ್ಲೂ ಒಂದೊಂದು ಅಂಕಿ ಇದೆ, ಆದರೆ ಆ ಅಂಕಿಗಳು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ನೋಡಿದ್ದನ್ನು ಅಳೆಯಲು ನಾವು ಬಳಸುವ ಕೋಲುಗಳು ಯಾವುವು, ಅವು ನಿಜಕ್ಕೂ ಏನನ್ನು ಅಳೆಯುತ್ತವೆ ಎಂದು ಒಮ್ಮೆ ಸಾಲಾಗಿ ನೋಡುವುದು ಒಳ್ಳೆಯದು.

ಮೊದಲು ಟಿಆರ್‌ಪಿ. ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 23 ಕೋಟಿ, ಮೀಟರ್ ಕೂರಿಸಿದ ಮನೆಗಳು ಸುಮಾರು 58 ಸಾವಿರ ಎಂದು 2025ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಹೇಳಿತು. ಅಂದರೆ ಮೀಟರಿರುವ ಒಂದೊಂದು ಮನೆ ಸರಿಸುಮಾರು ನಾಲ್ಕು ಸಾವಿರ ಮನೆಗಳ ಪರವಾಗಿ ರಿಮೋಟು ಹಿಡಿದಿದೆ. ಇದನ್ನು ಕೇಳಿದ ಕೂಡಲೇ ‘ಹಾಗಾದರೆ ಎಲ್ಲ ಸುಳ್ಳು’ ಎನ್ನುವವರಿದ್ದಾರೆ. ಅದು ಅವಸರದ ಮಾತು. ಅನ್ನ ಬೆಂದಿದೆಯೇ ಎಂದು ತಿಳಿಯಲು ಅಗುಳೊಂದು ಸಾಕು. ತೊಂದರೆ ಶುರುವಾಗುವುದು ಆ ಅಗುಳು ಯಾವುದು ಎಂದು ಹೊರಗಿನವರಿಗೆ ಗೊತ್ತಾದಾಗ. 2001ರಲ್ಲಿ ಇನ್‌ಟ್ಯಾಮ್ ಎಂಬ ಅಂದಿನ ಸಂಸ್ಥೆ ಮುಂಬೈಯಲ್ಲಿ ಆರಿಸಿಕೊಂಡಿದ್ದ ಮನೆಗಳ ಪಟ್ಟಿಯೇ ಬಯಲಾಗಿತ್ತು. 2012ರಲ್ಲಿ ಎನ್‌ಡಿಟಿವಿ ಈ ಅಂಕಿಗಳ ವಿಷಯಕ್ಕೇ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ರೇಟಿಂಗ್ ಸಂಸ್ಥೆ ನೀಲ್ಸನ್ ವಿರುದ್ಧ ದಾವೆ ಹೂಡಿತು. ಹಳೆಯ ವ್ಯವಸ್ಥೆಯ ಮೇಲೆ ನಂಬಿಕೆ ಹೋಗಿ 2015ರಲ್ಲಿ ಬಾರ್ಕ್ ಲೆಕ್ಕ ಕೊಡಲಾರಂಭಿಸಿದ ಮೇಲೂ ಕಾಟ ತಪ್ಪಲಿಲ್ಲ. 2020ರ ಅಕ್ಟೋಬರಿನಲ್ಲಿ, ಮೀಟರಿರುವ ಕೆಲವು ಮನೆಗಳಿಗೆ ಹಣ ಕೊಟ್ಟು ಇಂಥ ವಾಹಿನಿಯನ್ನೇ ಹಾಕಿಡಿ ಎನ್ನಲಾಗಿದೆ ಎಂದು ಮುಂಬೈ ಪೊಲೀಸರು ಆರೋಪಿಸಿದರು. ಆ ಪ್ರಕರಣವನ್ನು ಸರ್ಕಾರವೇ ನಂತರ ಹಿಂದಕ್ಕೆ ಪಡೆಯಿತು. ಆದರೆ ಸುದ್ದಿ ವಾಹಿನಿಗಳ ರೇಟಿಂಗನ್ನು ಕೆಲವು ವಾರ ನಿಲ್ಲಿಸುತ್ತೇವೆ ಎಂದಿದ್ದ ಬಾರ್ಕ್ ಅದನ್ನು ಮತ್ತೆ ಕೊಟ್ಟದ್ದು 2022ರ ಮಾರ್ಚಿನಲ್ಲಿ.

ಮೋಸ ಒಂದು ಕಡೆ ಇರಲಿ. ಎಲ್ಲವೂ ಪ್ರಾಮಾಣಿಕವಾಗಿ ನಡೆದಾಗಲೂ ಆ ಮೀಟರು ಏನನ್ನು ಹಿಡಿಯುತ್ತದೆ? ಟಿವಿಯ ಪಕ್ಕ ಒಂದು ಪುಟ್ಟ ಪೆಟ್ಟಿಗೆ. ವಾಹಿನಿಗಳು ತಮ್ಮ ಧ್ವನಿಯೊಳಗೆ ಕಿವಿಗೆ ಬೀಳದ ಒಂದು ಗುರುತನ್ನು ಬೆರೆಸಿರುತ್ತವೆ, ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಇದು ಇಂಥ ವಾಹಿನಿ ಎಂದು ಬರೆದುಕೊಳ್ಳುತ್ತದೆ. ನೋಡುತ್ತಿರುವವರು ಯಾರು ಎಂದು ತಿಳಿಯಲು ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ಬಂದು ಕೂತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಸಾರು ಉಕ್ಕುವ ಸದ್ದಿಗೆ ಒಳಗೆ ಓಡಿದವರು ಗುಂಡಿ ಒತ್ತಿಯೇ ಓಡುತ್ತಾರೆಯೇ, ನನಗೆ ಅನುಮಾನ. ಅಡುಗೆಮನೆಯಿಂದಲೇ ಪೂರ್ತಿ ಸಂಚಿಕೆಯನ್ನು ಕೇಳಿಸಿಕೊಂಡು, ನಾಳೆ ಬೆಳಿಗ್ಗೆ ಪಕ್ಕದ ಮನೆಯವರಿಗೆ ಒಂದು ಮಾತೂ ಬಿಡದೆ ಕಥೆ ಹೇಳಬಲ್ಲವರು ಪ್ರೇಕ್ಷಕರೋ ಅಲ್ಲವೋ? ಧಾರಾವಾಹಿ ಮಾಡುವವರಿಗೆ ಮಾತ್ರ ಈ ಬಗ್ಗೆ ಗೊಂದಲವಿಲ್ಲ. ಗುಡುಗಿನಂಥ ಹಿನ್ನೆಲೆ ಸಂಗೀತ, ಒಬ್ಬ ಹೇಳಿದ್ದನ್ನು ಇನ್ನೊಬ್ಬ ‘ಏನು? ಅವಳು ಮನೆ ಬಿಟ್ಟು ಹೋದಳಾ?’ ಎಂದು ತಿರುಗಿ ಹೇಳುವುದು, ಮನಸ್ಸಿನ ಮಾತನ್ನು ಗಟ್ಟಿಯಾಗಿ ಆಡಿಕೊಳ್ಳುವ ಖಳನಾಯಕಿ. ನಗರದ ವಿಮರ್ಶಕರು ನಗುವ ಇವೆಲ್ಲ ಈರುಳ್ಳಿ ಹೆಚ್ಚುತ್ತ ಟಿವಿ ಕೇಳುವವರಿಗಾಗಿ ಮಾಡಿಕೊಂಡ ಏರ್ಪಾಡು ಎಂದು ನನಗನ್ನಿಸುತ್ತದೆ. ಅರ್ಧ ನೋಡಿ ಅರ್ಧ ಕೇಳುವ ಕಲೆಯನ್ನು ಪೂರ್ತಿ ಕಣ್ಣಿನಿಂದ ಅಳೆದರೆ ಅದು ಸೋಲಲೇಬೇಕು.

ಟಿಆರ್‌ಪಿ ಹೇಳುವುದು ಹಾಕಿದ ಹೊತ್ತನ್ನು, ಮೆಚ್ಚಿದ ಮನಸ್ಸನ್ನಲ್ಲ. ‘ಈಗ ತುಂಬಾ ಎಳೀತಿದಾರೆ ಕಣೋ, ಆದ್ರೂ ನೋಡ್ತೀನಿ’ ಎನ್ನುವ ನನ್ನ ಚಿಕ್ಕಮ್ಮ ಅದರ ಲೆಕ್ಕದಲ್ಲಿ ಸಂತೃಪ್ತ ಪ್ರೇಕ್ಷಕಿ. ‘ಪುಟ್ಟಗೌರಿ ಮದುವೆ’ಯ ಗೌರಿ ಪ್ರಪಾತಕ್ಕೆ ಬಿದ್ದೂ ಸಾಯದೆ ಕಾಡು ಅಲೆದ ದಿನಗಳಲ್ಲಿ ಟ್ರೋಲ್ ಪುಟಗಳಿಗೆ ಹಬ್ಬ. ನಗುವುದಕ್ಕೆಂದೇ ಆ ಹೊತ್ತಿಗೆ ಟಿವಿ ಹಾಕಿದವರನ್ನೂ ಮೀಟರು ಅಭಿಮಾನಿಗಳ ಜೊತೆಗೇ ಕೂಡಿಸುತ್ತದೆ. ಅಂಕಿ ದೊಡ್ಡದಾದಷ್ಟೂ ಜಂಬ ಹೆಚ್ಚು, ಅರ್ಥ ಕಡಿಮೆ ಎನ್ನಲು ಇನ್ನೊಂದು ನಿದರ್ಶನವಿದೆ. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ರಮಾನಂದ ಸಾಗರರ ‘ರಾಮಾಯಣ’ವನ್ನು ಮರುಪ್ರಸಾರ ಮಾಡಿತು. ಏಪ್ರಿಲ್ 16ರ ಸಂಚಿಕೆಯನ್ನು 7.7 ಕೋಟಿ ಜನ ನೋಡಿದರು, ಇದು ವಿಶ್ವದಾಖಲೆ ಎಂದು ಘೋಷಿಸಿತು. ಆದರೆ 1983ರಲ್ಲಿ ಅಮೆರಿಕದ ‘ಮ್ಯಾಶ್’ ಸರಣಿಯ ಕೊನೆಯ ಸಂಚಿಕೆಯನ್ನು 10 ಕೋಟಿಗೂ ಹೆಚ್ಚು ಮಂದಿ ನೋಡಿದ್ದರೆಂಬ ಲೆಕ್ಕ ಆಗಲೇ ಇತ್ತು. ರಾಮಾಯಣಕ್ಕೆ ಆ ದಾಖಲೆಯ ಅಗತ್ಯವೇ ಇರಲಿಲ್ಲ.

ಆದರೂ ಟಿಆರ್‌ಪಿಯನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದು ಬರೀ ಅಳತೆಯಾಗಿ ಉಳಿದಿಲ್ಲ, ಕಥೆಯನ್ನೂ ಅದೇ ಬರೆಯುತ್ತದೆ. ನಿಮಿಷ ನಿಮಿಷದ ಲೆಕ್ಕ ಕೈಗೆ ಬಂದಾಗ ಯಾವ ದೃಶ್ಯಕ್ಕೆ ಜನ ಎದ್ದು ಹೋದರು ಎಂದು ವಾಹಿನಿಗೆ ಕಾಣುತ್ತದೆ. ಅಂಕಿ ಇಳಿದರೆ ಮೊದಲು ‘ಟ್ರ್ಯಾಕ್’ ಬದಲಾಗುತ್ತದೆ: ಯಾರಿಗೋ ನೆನಪು ಹೋಗುತ್ತದೆ, ಸತ್ತವಳು ಬರುತ್ತಾಳೆ. ಆಮೇಲೆ ಮಹಾಸಂಚಿಕೆ, ಅದೂ ಸಾಲದಿದ್ದರೆ ಎರಡು ಧಾರಾವಾಹಿಗಳ ಮಹಾಸಂಗಮ, ಆಮೇಲೆ ಸಂಜೆ ಆರಕ್ಕೋ ರಾತ್ರಿ ಹತ್ತೂವರೆಗೋ ವರ್ಗಾವಣೆ. ಅಲ್ಲಿಗೆ ಹೋದದ್ದು ಬಹುಪಾಲು ಹಿಂದಿರುಗುವುದಿಲ್ಲ. ಬೇರೆ ಭಾಷೆಯಲ್ಲಿ ಗೆದ್ದದ್ದನ್ನು ತರುವ ಪದ್ಧತಿಯೂ ಇದೇ ಭಯದ ಕೂಸು. ‘ಪುಟ್ಟಗೌರಿ ಮದುವೆ’ ಹಿಂದಿಯ ‘ಬಾಲಿಕಾ ವಧು’ವಿನಿಂದ ಬಂತು, ‘ಜೊತೆ ಜೊತೆಯಲಿ’ ಮರಾಠಿಯಿಂದ. 1998ರಲ್ಲಿ ದೂರದರ್ಶನದ ಚಂದನದಲ್ಲಿ ‘ಮಾಯಾಮೃಗ’ ಬರುತ್ತಿದ್ದಾಗ ಟಿ.ಎನ್. ಸೀತಾರಾಮ್ ಅವರ ತಂಡಕ್ಕೆ ಈ ಗುರುವಾರದ ಭಯ ಇರಲಿಲ್ಲ. ಅದನ್ನೇ ಮುಂದುವರಿಸಿ 2022ರಲ್ಲಿ ‘ಮತ್ತೆ ಮಾಯಾಮೃಗ’ ಬಂದಾಗ ಜನ ಅದನ್ನು ಪ್ರೀತಿಯಿಂದ ಬರಮಾಡಿಕೊಂಡರು, ಆದರೆ ಸುತ್ತಲ ಮಾರುಕಟ್ಟೆ ಬೇರೆಯದೇ ಆಗಿತ್ತು.

ರಿಯಾಲಿಟಿ ಶೋಗಳ ವೋಟನ್ನೂ ಕೆಲವರು ರೇಟಿಂಗಿನ ಲೆಕ್ಕಕ್ಕೆ ಹಿಡಿಯುತ್ತಾರೆ. 2025ರ ಜನವರಿಯಲ್ಲಿ ಹಾವೇರಿ ಕಡೆಯ ಹಾಡುಗಾರ ಹನುಮಂತ ಕನ್ನಡ ಬಿಗ್ ಬಾಸ್ ಗೆದ್ದದ್ದು ಒಬ್ಬ ಮನುಷ್ಯನ ಮೇಲಿನ ಪ್ರೀತಿ. ಆ ಸೀಸನ್ ಚೆನ್ನಾಗಿತ್ತೇ ಎಂಬುದು ಬೇರೆ ಮಾತು.

ಇನ್ನು ನಕ್ಷತ್ರಗಳ ಲೋಕ. ಐಎಂಡಿಬಿ 1990ರಲ್ಲಿ ಬ್ರಿಟನ್ನಿನ ಕಾಲ್ ನೀಧಮ್ ಎಂಬ ಸಿನಿಮಾ ಹುಚ್ಚಿನ ಎಂಜಿನಿಯರ್ ಶುರುಮಾಡಿದ ಪಟ್ಟಿ. 1998ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಒಂದರಿಂದ ಹತ್ತು ಅಂಕ, ಅದೂ ಸರಳ ಸರಾಸರಿಯಲ್ಲ, ತೂಕ ಹಾಕಿ ತೆಗೆದ ಸರಾಸರಿ. ಇಲ್ಲಿ ಟಿಆರ್‌ಪಿಯ ದೋಷವಿಲ್ಲ. ಅಂಕ ಕೊಡುವವನು ಮನಸ್ಸು ಮಾಡಿ ಕೊಡುತ್ತಾನೆ. ಆದರೆ ಯಾರು ಆ ಮನಸ್ಸು ಮಾಡುವವರು? 2016ರಲ್ಲಿ ಅಮೆರಿಕದ ಫೈವ್‌ಥರ್ಟಿಎಯ್ಟ್ ಎಂಬ ಸುದ್ದಿತಾಣ ಇಲ್ಲಿನ ಅಂಕಗಳನ್ನು ಗಂಡಸರದು, ಹೆಂಗಸರದು ಎಂದು ಬೇರೆ ಮಾಡಿ ನೋಡಿತು. ಹೆಂಗಸರು ಇಷ್ಟಪಡುವ ಸರಣಿಗಳಿಗೆ ಗಂಡಸರು ಹೋಗಿ ಹೋಗಿ ಕಡಿಮೆ ಅಂಕ ಒತ್ತಿದ್ದರು. ಗಂಡಸರ ಸರಣಿಗಳಿಗೆ ಹೆಂಗಸರು ಹಾಗೆ ಮಾಡಿರಲಿಲ್ಲ. ‘ಸೆಕ್ಸ್ ಅಂಡ್ ದ ಸಿಟಿ’ಯಂಥ ಜನಪ್ರಿಯ ಸರಣಿಯ ಒಟ್ಟು ಅಂಕವೇ ಇದರಿಂದ ಕುಸಿದಿತ್ತು. ಕನ್ನಡ ಧಾರಾವಾಹಿಗಳ ಪುಟಗಳಿಗೆ ಹೋಗಿ ನೋಡಿ. ಲಕ್ಷಾಂತರ ಮನೆಗಳಲ್ಲಿ ದಿನವೂ ಓಡುವ ಧಾರಾವಾಹಿಗೆ ಬೆರಳೆಣಿಕೆಯ ವೋಟು, ಅದರಲ್ಲಿ ಒಂದಷ್ಟು ಹತ್ತು, ಒಂದಷ್ಟು ಒಂದು. ಅದನ್ನು ನಿತ್ಯ ನೋಡುವವರು ಅಲ್ಲಿಗೆ ಹೋಗಿಯೇ ಇಲ್ಲ.

ಮತ್ತೊಂದು ತೊಡಕು ನೆನಪಿನದು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ಗೆ ಇಂದಿಗೂ ಒಂಬತ್ತರ ಮೇಲಿದೆ. ಅದಕ್ಕೆ ಅದು ಅರ್ಹ ಎಂಬುದರಲ್ಲಿ ನನ್ನ ತಕರಾರಿಲ್ಲ. ಸ್ವಾಮಿಯ ಕಥೆಗಳಲ್ಲಿ ಮಾಸ್ಟರ್ ಮಂಜುನಾಥ್ ಕಣ್ಣು ಹಾಯಿಸುವ ರೀತಿಗೇ ಎರಡು ಅಂಕ ಕೊಡಬಹುದು. ಆದರೆ ಹತ್ತು ಒತ್ತುವವರಲ್ಲಿ ಎಷ್ಟೋ ಜನ ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ ಕೇಳಿ ತಮ್ಮ ಬಾಲ್ಯಕ್ಕೇ ಅಂಕ ಹಾಕುತ್ತಿದ್ದಾರೆ. ಆ ಕಾಲದಲ್ಲಿ ಒಂದೆರಡು ಸಂಚಿಕೆ ನೋಡಿ ಮರೆತವರು ಇವತ್ತು ಅಂಕ ಕೊಡಲು ಬರುವುದಿಲ್ಲವಲ್ಲ.

ಇಡೀ ಸರಣಿಗೆ ಒಂದೇ ಅಂಕಿ ಎಂಬುದೇ ಎಷ್ಟು ವಿಚಿತ್ರ ಎಂದು ತೋರಿಸಿಕೊಟ್ಟದ್ದು ‘ಗೇಮ್ ಆಫ್ ಥ್ರೋನ್ಸ್’. 2019ರಲ್ಲಿ ಅದರ ಎಂಟನೆಯ ಸೀಸನ್ ಮುಗಿದ ರೀತಿಗೆ ರೊಚ್ಚಿಗೆದ್ದು ಹದಿನೈದು ಲಕ್ಷಕ್ಕೂ ಹೆಚ್ಚು ಜನ ‘ಮತ್ತೆ ಮಾಡಿ’ ಎಂದು ಮನವಿಗೆ ಸಹಿ ಹಾಕಿದರು. ಐಎಂಡಿಬಿಯಲ್ಲಿ ಕೊನೆಯ ಸಂಚಿಕೆಗೆ ಸಿಕ್ಕದ್ದು ನಾಲ್ಕರ ಆಸುಪಾಸು, ಇಡೀ ಸರಣಿಗೆ ಒಂಬತ್ತರ ಮೇಲೆ. ಇದರಲ್ಲಿ ಯಾವುದು ನಿಜ? ಹೊಸದಾಗಿ ನೋಡಲು ಹೊರಟವರಿಗೆ ಎರಡೂ ಅಂಕಿ ಸಾಲದು. ಅವರಿಗೆ ಬೇಕಾದ್ದು ಎಷ್ಟನೆಯ ಸೀಸನ್‌ವರೆಗೆ ಹೋಗಬಹುದು ಎಂಬ ಮಾತು.

ನೆಟ್‌ಫ್ಲಿಕ್ಸ್ 2017ರಲ್ಲಿ ಐದು ನಕ್ಷತ್ರಗಳನ್ನು ಕಿತ್ತು ಹೆಬ್ಬೆರಳು ತಂದದ್ದರ ಹಿಂದೆ ಸ್ವಾರಸ್ಯವಾದ ಕಾರಣವಿತ್ತು. ಜನ ಗಂಭೀರ ಸಾಕ್ಷ್ಯಚಿತ್ರಕ್ಕೆ ಐದು ನಕ್ಷತ್ರ ಕೊಡುತ್ತಿದ್ದರು, ರಾತ್ರಿ ಕೂತು ನೋಡುತ್ತಿದ್ದದ್ದು ಮೂರು ನಕ್ಷತ್ರದ ತಮಾಷೆಯನ್ನು. ನಕ್ಷತ್ರ ಕೊಡುವಾಗ ನಾವು ನಮ್ಮ ಅಭಿರುಚಿಯ ಬಗ್ಗೆ ನಾಲ್ಕು ಜನರಿಗೆ ಹೇಳಿಕೊಳ್ಳುತ್ತಿರುತ್ತೇವೆ ಎಂದು ಕಂಪನಿಗೆ ಅರ್ಥವಾಗಿತ್ತು. ಹೆಬ್ಬೆರಳು ಬಂದ ಮೇಲೆ ಅಭಿಪ್ರಾಯ ಒತ್ತುವವರು ಮೂರು ಪಟ್ಟಾದರು ಎಂದು ಅವರದೇ ಪ್ರಯೋಗ ಹೇಳಿತು. 2022ರಲ್ಲಿ ‘ತುಂಬಾ ಇಷ್ಟ’ಕ್ಕೆ ಎರಡು ಹೆಬ್ಬೆರಳು ಸೇರಿಸಿದರು, ಅಂದರೆ ಮೆಟ್ಟಿಲು ಕಿತ್ತವರೇ ಮತ್ತೆ ಒಂದು ಮೆಟ್ಟಿಲು ಕಟ್ಟಿದರು. ವಿಮರ್ಶೆಗಳನ್ನು ಒಟ್ಟುಗೂಡಿಸುವ ತಾಣ ರಾಟನ್ ಟೊಮೇಟೋಸ್‌ನ ಶೇಕಡಾವಾರು ಲೆಕ್ಕವೂ ಇದೇ ಜಾತಿಯದು. ‘ಪರವಾಗಿಲ್ಲ’ ಎಂದ ನೂರು ವಿಮರ್ಶಕರಿದ್ದರೆ ಅಲ್ಲಿ ನೂರಕ್ಕೆ ನೂರು. ಸೇಡಿಗೆ ಒಂದು ನಕ್ಷತ್ರ ಒತ್ತುವ ಗುಂಪುಗಳ ಕಾಟ ಬೇರೆ. 2022ರಲ್ಲಿ ‘ದ ರಿಂಗ್ಸ್ ಆಫ್ ಪವರ್’ ಬಂದಾಗ ಅಮೆಜಾನ್ ಪ್ರೇಕ್ಷಕರ ಅಭಿಪ್ರಾಯಗಳನ್ನು 72 ತಾಸು ತಡೆಹಿಡಿಯಿತು. ತಾನೇ ಮಾಡಿದ ಸರಣಿಗೆ ತಾನೇ ಕಾವಲು ನಿಂತದ್ದು ಯಾರಿಗೂ ಹಿತವೆನಿಸಲಿಲ್ಲ.

ಇವೆಲ್ಲಕ್ಕಿಂತ ಬಲವಾದ ರೇಟಿಂಗ್ ಪ್ರೇಕ್ಷಕರು ನೋಡುವ ಮೊದಲೇ ಬಿದ್ದಿರುತ್ತದೆ, ಕೊಳ್ಳುವವರ ಮೇಜಿನ ಮೇಲೆ. ಕರಾವಳಿಯ ಏಳು ಕಥೆಗಳ ಕನ್ನಡ ಸರಣಿ ‘ಏಕಂ’ ಇದಕ್ಕೆ ಸಾಕ್ಷಿ. ಸುಮಂತ್ ಭಟ್, ಸಂದೀಪ್ ಪಿ.ಎಸ್. ರೂಪಿಸಿದ, ರಕ್ಷಿತ್ ಶೆಟ್ಟಿ ಬೆನ್ನಿಗೆ ನಿಂತ, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿಯಂಥವರಿದ್ದ ಈ ಸರಣಿಗೆ ದೊಡ್ಡ ಒಟಿಟಿಗಳಲ್ಲಿ ಜಾಗ ಸಿಗಲಿಲ್ಲ. ಕೊನೆಗೆ 2024ರ ಜುಲೈಯಲ್ಲಿ ತಂಡವೇ ತನ್ನದೊಂದು ತಾಣ ತೆರೆದು 149 ರೂಪಾಯಿಗೆ ಕೊಟ್ಟಿತು. ಕನ್ನಡಕ್ಕೆ ಇಷ್ಟೇ ನೋಡುಗರು ಎಂಬ ಲೆಕ್ಕಾಚಾರಕ್ಕೆ ಸಂಚಿಕೆ ಹೇಗಿದೆ ಎಂಬುದು ಮುಖ್ಯವಾಗುವುದಿಲ್ಲ. ಹಿಂದಿಯ ‘ಪಂಚಾಯತ್’ ತಮಿಳಿನಲ್ಲಿ ‘ತಲೈವೆಟ್ಟಿಯಾನ್ ಪಾಳಯಂ’ ಆಯಿತು, ತೆಲುಗಿನಲ್ಲಿ ‘ಸಿವರಪಲ್ಲಿ’ ಆಯಿತು. ಪಿಡಿಒ, ಗ್ರಾಮಸಭೆ, ಅಧ್ಯಕ್ಷೆಯ ಗಂಡನ ದರಬಾರು ಎಲ್ಲ ನಮ್ಮಲ್ಲೂ ಇರುವಾಗ ಕನ್ನಡದ ಪಂಚಾಯಿತಿ ಮಾತ್ರ ಬರಲಿಲ್ಲ.

ನಮ್ಮ ಪತ್ರಿಕೆಗಳು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತವೆ? ಶುಕ್ರವಾರ ಬಿಡುಗಡೆಯಾದ ಸಿನಿಮಾಗೆ ಶನಿವಾರ ಅಥವಾ ಭಾನುವಾರ ಮೂರೂವರೆ ನಕ್ಷತ್ರ ಸಿದ್ಧ. ಎರಡು ಗಂಟೆಯ ಸಿನಿಮಾಗೆ ಇಷ್ಟು ಮರ್ಯಾದೆ, ನಾಲ್ಕು ವರ್ಷ ದಿನವೂ ಮನೆಯೊಳಗೆ ಬರುವ ಧಾರಾವಾಹಿಗೆ ವಿಮರ್ಶೆಯೇ ಇಲ್ಲ. ನಾಯಕಿಯ ಸೀರೆ, ನಟ ಬದಲಾದ ಸುದ್ದಿ, ಮುಂದೇನಾಗುತ್ತದೆ ಎಂಬ ಊಹೆ, ಇಷ್ಟೇ. ವಿಮರ್ಶೆ ನಡೆಯುತ್ತಿರುವುದು ಬಸ್ಸಿನಲ್ಲಿ, ಹೊಲಿಗೆ ಅಂಗಡಿಯ ಮುಂದೆ, ಮದುವೆಮನೆಯಲ್ಲಿ ಎಲೆ ಹಾಕುವವರೆಗಿನ ಬಿಡುವಿನಲ್ಲಿ. ಅಲ್ಲಿನ ಮಾತು ಬಹಳ ಖಚಿತ. ‘ಮದುವೆ ಆಗೋವರೆಗೆ ಚೆನ್ನಾಗಿತ್ತು.’ ‘ಆ ಅತ್ತೆ ಪಾತ್ರ ಬದಲಾದ್ಮೇಲೆ ನಾನು ಬಿಟ್ಟೆ.’ ‘ಜೊತೆ ಜೊತೆಯಲಿ’ಯಲ್ಲಿ ಆರ್ಯವರ್ಧನನಾಗಿದ್ದ ಅನಿರುದ್ಧ 2022ರಲ್ಲಿ ಹೊರಬಿದ್ದು, ಅಪಘಾತದ ನೆಪದಲ್ಲಿ ಆ ಪಾತ್ರಕ್ಕೆ ಬೇರೆ ಮುಖ ಬಂದಾಗ ಎಷ್ಟೋ ಮನೆಗಳಲ್ಲಿ ಟಿವಿ ಬೇರೆ ವಾಹಿನಿಗೆ ತಿರುಗಿತು. ಹೀಗೆ ಬಿಟ್ಟವರ ಮಾತಿನಲ್ಲಿ ಸಂಚಿಕೆ ಇದೆ, ಕಾರಣ ಇದೆ, ಅದಕ್ಕೂ ಮೊದಲು ಪ್ರೀತಿಯಿಂದ ನೋಡಿದ ಅನುಭವವೂ ಇದೆ. ಎಂಟೂವರೆ ಎಂಬ ಅಂಕಿಯಲ್ಲಿ ಈ ಮೂರೂ ಇಲ್ಲ.

ಹಾಗಾಗಿ ಯಾರಾದರೂ ಸರಣಿಯೊಂದನ್ನು ಹೊಗಳಿದರೆ ನಾನು ಅಂಕ ಕೇಳುವುದು ಬಿಟ್ಟಿದ್ದೇನೆ. ಎಲ್ಲಿ ಬಿಟ್ಟಿರಿ, ಎಲ್ಲಿ ಬಿಡಬೇಕೆನ್ನಿಸಿತು, ಆದರೂ ಯಾಕೆ ಮುಂದುವರಿದಿರಿ ಎಂದು ಕೇಳುತ್ತೇನೆ. ಒಟಿಟಿ ಕಂಪನಿಗಳಿಗೆ ಇದು ಸೆಕೆಂಡಿನ ಮಟ್ಟಕ್ಕೆ ಗೊತ್ತು. ನೆಟ್‌ಫ್ಲಿಕ್ಸ್ 2021ರ ಕೊನೆಯಿಂದ ವಾರವಾರ ಹತ್ತರ ಪಟ್ಟಿ ಕೊಡುತ್ತದೆ, ನೋಡಿದ ಒಟ್ಟು ತಾಸುಗಳನ್ನು ಸರಣಿಯ ಅವಧಿಯಿಂದ ಭಾಗಿಸಿ ‘ವೀಕ್ಷಣೆ’ ಎಂದು ಕರೆಯುತ್ತದೆ. ಅರ್ಧಕ್ಕೆ ಬಿಟ್ಟ ಇಬ್ಬರು ಸೇರಿದರೆ ಪೂರ್ತಿ ನೋಡಿದ ಒಬ್ಬರಾಗುತ್ತಾರೆ! ಎಲ್ಲಿ ಬಿಟ್ಟರು ಎಂಬುದನ್ನು ಮಾತ್ರ ತನ್ನಲ್ಲೇ ಇಟ್ಟುಕೊಳ್ಳುತ್ತದೆ.

ಈಚೆಗೆ ನೋಡಿದ್ದರಲ್ಲಿ ನನ್ನ ಲೆಕ್ಕ ಹೀಗಿದೆ. 2025ರ ‘ಅಡೊಲೆಸೆನ್ಸ್’ ನಾಲ್ಕೇ ಸಂಚಿಕೆ, ಪ್ರತಿಯೊಂದೂ ಕತ್ತರಿಯಿಲ್ಲದ ಒಂದೇ ಶಾಟ್. ಶಾಲೆಯಲ್ಲಿ ನಡೆಯುವ ಎರಡನೆಯ ಸಂಚಿಕೆಯಲ್ಲಿ ಕ್ಯಾಮೆರಾದ ಕಸರತ್ತೇ ಹೆಚ್ಚಾಯಿತು ಅನ್ನಿಸಿ ಅಲ್ಲಿ ಸ್ವಲ್ಪ ತಡವರಿಸಿದೆ. ಮೂರನೆಯದರಲ್ಲಿ ಹದಿಮೂರರ ಹುಡುಗ ಮತ್ತು ಮನಶ್ಶಾಸ್ತ್ರಜ್ಞೆ ಒಂದು ಕೋಣೆಯಲ್ಲಿ ಎದುರುಬದುರು ಕೂತು ಮಾತಾಡುತ್ತಾರೆ, ಅಷ್ಟೇ. ಹುಡುಗ ತಟ್ಟನೆ ಎದ್ದು ಕೂಗಾಡಿ, ಮರುಕ್ಷಣ ಏನೂ ಆಗದವನಂತೆ ನಗುವಾಗ ಎದೆ ಝಲ್ಲೆನ್ನುತ್ತದೆ. ಓವೆನ್ ಕೂಪರ್ ಎಂಬ ಆ ಹುಡುಗನಿಗೆ ಇದು ಮೊದಲ ಪಾತ್ರ ಎಂದರೆ ನಂಬುವುದು ಕಷ್ಟ. ‘ಪಂಚಾಯತ್’ ಮೊದಲ ಎರಡು ಸೀಸನ್ ಯಾರಿಗಾದರೂ ಹೇಳಬಲ್ಲೆ. ನಾಲ್ಕನೆಯದರಲ್ಲಿ ಚುನಾವಣೆಯೇ ಊರನ್ನೆಲ್ಲ ನುಂಗಿತು. ಸೋರೆಕಾಯಿಗೂ ಕುಕ್ಕರಿಗೂ ನಡೆಯುವ ಚಿಹ್ನೆಗಳ ಕದನ ಒಂದು ಮಟ್ಟದವರೆಗೆ ನಗಿಸಿತು, ಆಮೇಲೆ ಕೈ ತಾನಾಗಿ ಫೋನಿಗೆ ಹೋಯಿತು. ರಘುವೀರ್ ಯಾದವ್ ಮತ್ತು ನೀನಾ ಗುಪ್ತಾ ಇದ್ದಾರೆಂದು ಮುಗಿಸಿದೆ. ರಮೇಶ್ ಇಂದಿರಾ ನಿರ್ದೇಶನದ ‘ಅಯ್ಯನ ಮನೆ’ಗೆ ಕೆಲವೇ ಸಂಚಿಕೆ. ಮಲೆನಾಡಿನ ದೊಡ್ಡ ಮನೆ, ಸಾಯುವ ಸೊಸೆಯಂದಿರು, ಹೊಸ ಸೊಸೆಯಾಗಿ ಕಾಲಿಡುವ ಖುಷಿ ರವಿ. ಪ್ರತಿ ಸಂಚಿಕೆಯ ಕೊನೆಗೆ ಕೊಕ್ಕೆ ಹಾಕುವ ಧಾರಾವಾಹಿಯ ಕೈಚಳಕ ಇಲ್ಲಿ ಉಪಯೋಗಕ್ಕೆ ಬಂದಿದೆ. ಬಿಡುವ ಮನಸ್ಸಾಗುವ ಮೊದಲೇ ಮುಗಿಯುತ್ತದೆ.

‘ಏಕಂ’ ವಿಷಯದಲ್ಲಿ ಮಾತ್ರ ನನ್ನ ಪ್ರಶ್ನೆ ಕೆಲಸಕ್ಕೆ ಬರುವುದಿಲ್ಲ. ಏಳೂ ಬೇರೆ ಬೇರೆ ಕಥೆಗಳಾದ್ದರಿಂದ ಒಂದನ್ನು ಬಿಟ್ಟವರು ಇನ್ನೊಂದಕ್ಕೆ ಹೊಸಬರಾಗಿಯೇ ಹೋಗಬಹುದು. ನನಗೆ ಎಲ್ಲವೂ ಒಂದೇ ಸಮ ಹಿಡಿಸಲಿಲ್ಲ. ಕೆಲವು ಕಥೆ ಹೇಳುವುದಕ್ಕಿಂತ ಮೌನದ ಮೇಲೇ ಹೆಚ್ಚು ನೆಚ್ಚಿಕೊಂಡಿವೆ. ನೀವು ನೋಡುವುದಾದರೆ ಮೊದಲನೆಯದರಲ್ಲಿ ಬೇಸರವಾಯಿತೆಂದು ಹಣ ದಂಡವಾಯಿತು ಅಂದುಕೊಳ್ಳಬೇಡಿ, ಮೂರನೆಯದನ್ನೋ ಐದನೆಯದನ್ನೋ ಹಾಕಿ ನೋಡಿ.